ಏಳು ನಿಮಿಷ ಐವತ್ತೆರಡು ಸೆಕೆಂಡಿನ ಬಗ್ಗೆ

ನಾನು, ವಯಸ್ಸು ಅರವತ್ತಾರು, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ನಿರೀಕ್ಷಕ, ಹೆಂಡತಿ ತೀರಿಕೊಂಡು ಮೂರು ವರ್ಷ, ವಾಸ ಹಳೆಯ ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಮಗಳ ಮನೆಯ ಮಹಡಿ ಮೇಲಿನ ಕೋಣೆ, ಈ ದಿನ ಶನಿವಾರ ಬೆಳಿಗ್ಗೆ 9.20ಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕಾಲೇಜಿನಲ್ಲಿ ಕಲಿತ ಅರ್ಜಿಯ ಇಂಗ್ಲಿಷಿನಲ್ಲಿ ಐ ಬೆಗ್ ಟು ಸ್ಟೇಟ್ ಎಂದು ಶುರು ಮಾಡಿದೆ. ಮುಂದಿನದು ನೆನಪಾಗಲಿಲ್ಲ. ಬರೆದುಕೊಳ್ಳುತ್ತಿರುವ ಪೇದೆಯವರು, ಯಜಮಾನ್ರೇ, ಮನೇಲಿ ಮಾತಾಡೋ ಹಾಗೇ ಹೇಳಿ, ನಾನು ಬರ್ಕೋತೀನಿ ಎಂದರು. ಹಾಗಾಗಿ ಮಾತು ಅಡ್ಡದಾರಿ ಹಿಡಿದರೆ ಮನ್ನಿಸಬೇಕು.

ಈ ಮಂಗಳವಾರ ಬೆಳಿಗ್ಗೆ ಔಷಧಿ ಅಂಗಡಿಯ ಎದುರು ಬೀದಿ ಗುಡಿಸುವ ಹೆಂಗಸನ್ನು ಬೀಳಿಸಿದ್ದು ಮನೆಮನೆಗೆ ಬ್ರೆಡ್ ಹಾಕುವವನ ಸೈಕಲ್ ಅಲ್ಲ, ನನ್ನ ಸೈಕಲ್. ಆದರೆ ಆ ಹೊತ್ತಿನಲ್ಲಿ ನಾನು ಅದರ ಮೇಲೆ ಕೂತಿರಲಿಲ್ಲ. ಅದು ಹೇಗೆಂದು ಮೊದಲಿನಿಂದ ಹೇಳದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ.

ಹೆಂಡತಿ ಹೋದ ಮೇಲೆ ಬೆಳಗಿನ ಹೊತ್ತು ನನಗೆ ಕಳೆಯುತ್ತಿರಲಿಲ್ಲ. ಎದ್ದಿರಾ ಎಂದು ಕೇಳುವವರಿಲ್ಲದಿದ್ದರೆ ಎದ್ದು ಏನು ಮಾಡಬೇಕು ಎನ್ನುವುದೇ ತಿಳಿಯುವುದಿಲ್ಲ. ನನ್ನ ಅಳಿಯ ಹವ್ಯಾಸಕ್ಕೆ ಸೈಕಲ್ ತುಳಿಯುವವನು. ಅವನು ಹೊಸದು ಕೊಂಡಾಗ ಹಳೆಯದನ್ನು ನನಗೆ ಕೊಟ್ಟು ತನ್ನ ಗುಂಪಿಗೆ ಸೇರಿಸಿದ. ಒಟ್ಟು ಹನ್ನೊಂದು ಜನ. ಭಾನುವಾರ ಎಲ್ಲರೂ ಜೊತೆಗೆ, ಮಂಗಳವಾರ ಮತ್ತು ಗುರುವಾರ ಅವರವರ ಪಾಡಿಗೆ ಅಭ್ಯಾಸ. ಎರಡು ವರ್ಷದಲ್ಲಿ ನಾನು ಅಭ್ಯಾಸ ತಪ್ಪಿಸಿದ್ದು ಜ್ವರ ಬಂದಾಗ ಮಾತ್ರ. ಸಕ್ಕರೆ ಇಳಿಯಿತು, ಹೊಟ್ಟೆ ಇಳಿಯಿತು. ವೇಗ ಮಾತ್ರ ಏರಲಿಲ್ಲ. ಗುಂಪಿನಲ್ಲಿ ನನ್ನನ್ನು ಕೊನೇ ಬೋಗಿ ಎಂದು ಕರೆಯುತ್ತಾರೆ. ಪ್ರತಿ ತಿರುವಿನಲ್ಲೂ ಅಳಿಯ ಒಂದು ಕಾಲು ನೆಲಕ್ಕೂರಿ ನಿಂತಿರುತ್ತಾನೆ. ಮಾವ, ನಿಧಾನ ಬನ್ನಿ, ಏನೂ ಅವಸರ ಇಲ್ಲ ಎನ್ನುತ್ತಾನೆ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಸ್ಲೋ ಅಂಡ್ ಸ್ಟೆಡಿ ಎಂದು ನಾನು ನಗುತ್ತಿದ್ದೆ.

ರೈಲ್ವೆ ಗೇಟಿನಿಂದ ಆಟದ ಮೈದಾನದವರೆಗೆ 4.2 ಕಿಲೋಮೀಟರ್ ನೇರ ರಸ್ತೆ. ಎಲ್ಲರ ಫೋನಿನಲ್ಲೂ ಒಂದು ಆ್ಯಪ್ ಇದೆ. ಆ ದಾರಿಯನ್ನು ಯಾರು ಎಷ್ಟು ಹೊತ್ತಿನಲ್ಲಿ ಮುಗಿಸಿದರೆಂದು ಅದು ತಾನೇ ಬರೆದುಕೊಂಡು, ಅರವತ್ತು ದಾಟಿದವರಲ್ಲಿ ಮೊದಲಿಗನ ಹೆಸರಿನ ಪಕ್ಕ ಸಣ್ಣ ಕಿರೀಟದ ಚಿತ್ರ ಹಾಕುತ್ತದೆ. ಗುಂಪಿನಲ್ಲಿ ಅರವತ್ತು ದಾಟಿದವನು ನಾನೊಬ್ಬನೇ ಇದ್ದಾಗ ಹನ್ನೊಂದೂಮುಕ್ಕಾಲು ನಿಮಿಷಕ್ಕೇ ಕಿರೀಟ ನನ್ನದಾಗಿತ್ತು. ಎರಡು ತಿಂಗಳ ಹಿಂದೆ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರೊಬ್ಬರು ಸೇರಿದರು. ನನಗಿಂತ ಎರಡು ವರ್ಷ ದೊಡ್ಡವರು. ಮೊದಲನೇ ವಾರವೇ ಎಂಟು ನಿಮಿಷ ನಲವತ್ತು ಸೆಕೆಂಡಿನಲ್ಲಿ ಮುಗಿಸಿದರು. ಭಾನುವಾರ ಎಲ್ಲರ ಎದುರು ನನ್ನ ಬೆನ್ನು ತಟ್ಟಿ, ಏನ್ರೀ ಅಳತೆ ಸಾಹೇಬ್ರೇ, ಕಾಲು ಸವೆದಿದೆ ಅನ್ಸತ್ತೆ, ಅದಕ್ಕೂ ಒಂದು ಮುದ್ರೆ ಹಾಕಿಸ್ಕೊಂಡು ಬನ್ನಿ ಎಂದರು. ಎಲ್ಲರೂ ನಕ್ಕರು. ಅಳಿಯನೂ ನಕ್ಕ. ನಕ್ಕು ನನ್ನ ಮುಖ ನೋಡಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದ.

ಪೇದೆಯವರು ವಿಷಯಕ್ಕೆ ಬನ್ನಿ ಎನ್ನುತ್ತಿದ್ದಾರೆ. ಇದೇ ವಿಷಯ.

ಹದಿನಾರು ದಿನದ ಹಿಂದೆ, ಗುರುವಾರ, ಅಭ್ಯಾಸಕ್ಕೆ ಹೊರಟವನ ಸೈಕಲ್ ರೈಲ್ವೆ ಗೇಟಿನ ಹತ್ತಿರ ಪಂಕ್ಚರ್ ಆಯಿತು. ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹಾಕುವ ಲಗೇಜ್ ಗಾಡಿಯವನು ನಮಗೆ ಪರಿಚಯ. ಅಣ್ಣ, ಹತ್ತಿ, ಸೈಕಲ್ ಹಿಂದೆ ಹಾಕಿ ಎಂದು ಮೈದಾನದವರೆಗೆ ಬಿಟ್ಟ. ಫೋನು ಜೇಬಿನಲ್ಲಿ ಚಾಲೂ ಇತ್ತು. ಮನೆಗೆ ಬಂದು ನೋಡಿದರೆ ಎಂಟು ನಿಮಿಷ ಹತ್ತು ಸೆಕೆಂಡು, ಕಿರೀಟ ನನ್ನ ತಲೆಗೆ. ಗುಂಪಿನ ವಾಟ್ಸಾಪಿನಲ್ಲಿ ಒಂಬತ್ತು ಜನ ಚಪ್ಪಾಳೆ ಹಾಕಿದ್ದರು. ಬ್ಯಾಂಕಿನವರು ಗುರುಗಳೇ ಶರಣು ಎಂದು ಬರೆದಿದ್ದರು. ಅಳಿಯ ಆ ಪುಟದ ಚಿತ್ರ ತೆಗೆದು ತನ್ನ ಫೋನು ತೆರೆದರೆ ಅದೇ ಕಾಣುವಂತೆ ಇಟ್ಟುಕೊಂಡ. ಪಂಕ್ಚರ್ ಆಗಿತ್ತು ಎಂಬ ಎರಡು ಪದ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬರೆಯಲು ಕೂತೆ. ಊಟಕ್ಕೆ ಕರೆದರು, ಎದ್ದೆ. ಆಮೇಲೆ ಬರೆಯಲಿಲ್ಲ.

ಮೂವತ್ತೊಂದು ವರ್ಷ ನಾನು ತಕ್ಕಡಿಯ ಕೆಳಗೆ ಅಂಟಿಸಿದ ಮೇಣ ಹುಡುಕಿದವನು, ತೂಕದ ಕಲ್ಲಿನ ತಳ ಕೊರೆದವರನ್ನು ಹಿಡಿದವನು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಹೇಗಿರುತ್ತದೆಂದು ಆಗ ತಿಳಿಯಿತು. ಮೇಯುವಾಗ ರುಚಿಯಾಗಿಯೇ ಇರುತ್ತದೆ.

ಕಳೆದ ಭಾನುವಾರ ಬ್ಯಾಂಕಿನವರು ಅದೇ ದಾರಿಯನ್ನು ಎಂಟು ನಿಮಿಷ ಎರಡು ಸೆಕೆಂಡಿನಲ್ಲಿ ಮುಗಿಸಿದರು. ಅವರದು ನಿಜವಾದದ್ದು. ಮುಗಿಸಿ ಮೈದಾನದ ಗೋಡೆಗೆ ಒರಗಿ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು, ಕೊನೇ ಬೋಗಿ, ಈಗ ಎಂಜಿನ್ ಯಾರು ಹೇಳಿ ಎಂದರು.

ಮಂಗಳವಾರ ಬೆಳಿಗ್ಗೆ 6.05ಕ್ಕೆ ನಾನು ರೈಲ್ವೆ ಗೇಟಿನ ಬಳಿ ಲಗೇಜ್ ಗಾಡಿಗಾಗಿ ಕಾದು ನಿಂತೆ. ಈ ಸಲ ಪಂಕ್ಚರ್ ಇರಲಿಲ್ಲ. ಮಂಡಿ ನೋವು ಎಂದು ಸುಳ್ಳು ಹೇಳಿದೆ. ಗಾಡಿಯವನು, ನಿಮ್ಮ ವಯಸ್ಸಿಗೆ ಇದೆಲ್ಲ ಯಾಕಣ್ಣ, ಆರಾಮಾಗಿ ಪೇಪರ್ ಓದ್ಕೊಂಡು ಕೂರೋದ್ ಬಿಟ್ಟು ಎಂದ. ಡಿಸ್ಟೆನ್ಸ್ ಅಪಾನ್ ಟೈಮ್ ಎಂದು ಕಾಲೇಜಿನಲ್ಲಿ ಓದಿದ್ದು ಅವತ್ತು ಉಪಯೋಗಕ್ಕೆ ಬಂತು. ಲೆಕ್ಕ ಹಾಕಿಕೊಂಡೇ ಬಂದಿದ್ದೆ: ಗಂಟೆಗೆ ಮೂವತ್ತೆರಡು ಕಿಲೋಮೀಟರ್. ಅದಕ್ಕಿಂತ ಕಡಿಮೆಯಾದರೆ ಗೆಲ್ಲುವುದಿಲ್ಲ, ಹೆಚ್ಚಾದರೆ ಯಾರೂ ನಂಬುವುದಿಲ್ಲ. ಮೂವತ್ತೆರಡರಲ್ಲೇ ಹೋಗಪ್ಪ, ಸೈಕಲ್ಲಿಗೆ ಏಟಾಗಬಾರದು ಎಂದೆ. ಅದೂ ಸುಳ್ಳು.

ಸೈಕಲ್ಲನ್ನು ಕ್ಯಾನುಗಳ ಮೇಲೆ ಅಡ್ಡ ಮಲಗಿಸಿ ಹಗ್ಗ ಬಿಗಿದೆವು. ಗಾಡಿಯವನು, ಅಣ್ಣ, ಹ್ಯಾಂಡ್ಲು ಎಡಗಡೆ ಆಚೆ ಬಂದಿದೆ, ಬಿಚ್ಚಿ ತಿರುಗಿಸಿ ಕಟ್ಟೋಣ, ಎರಡೇ ನಿಮಿಷ ಎಂದ. ಹ್ಯಾಂಡಲ್ ಗಾಡಿಯಿಂದ ಒಂದೂವರೆ ಗೇಣು ಹೊರಗಿತ್ತು. ನಾನು ನೋಡಿದೆ. ಆದರೆ ಅಷ್ಟರಲ್ಲಿ ಫೋನು ಚಾಲೂ ಮಾಡಿಯಾಗಿತ್ತು, ಹೊತ್ತು ಓಡುತ್ತಿತ್ತು. ಇರ್ಲಿ ಬಿಡು, ನಡಿ ನಡಿ ಎಂದೆ. ಆದ್ದರಿಂದ ಗಾಡಿಯವನದು ಇದರಲ್ಲಿ ತಪ್ಪಿಲ್ಲವೆಂದು ಬರೆದುಕೊಳ್ಳಬೇಕು.

ನಾನು ಗಾಡಿಯವನ ಪಕ್ಕ ಕೂತು ಫೋನನ್ನು ತೊಡೆಯ ಮೇಲಿಟ್ಟು ನೋಡುತ್ತಿದ್ದೆ. ಗೇಟಿನಿಂದ ಸುಮಾರು ಮೂರು ಕಿಲೋಮೀಟರ್ ದಾಟಿದ ಮೇಲೆ, ಔಷಧಿ ಅಂಗಡಿಯ ಎದುರು, ಗಾಡಿಯವನು ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಸರಿದ. ಹಿಂದೆ ಟಕ್ ಎಂದಿತು. ಅವನು, ಏನೋ ತಗುಲ್ತಾ ಅಣ್ಣ ಎಂದು ಕೇಳಿದ. ಗುಂಡಿ, ನಡಿ ಎಂದು ನಾನು ಹೇಳಿದೆ. ಚಕ್ರ ಗುಂಡಿಗೆ ಬಿದ್ದರೆ ಶಬ್ದ ಕೆಳಗಿನಿಂದ ಬರುತ್ತದೆ. ಇದು ಪಕ್ಕದಿಂದ ಬಂದಿತ್ತು. ತಿರುಗಿ ನೋಡಲಿಲ್ಲ.

ಮೈದಾನದ ಬಳಿ ಇಳಿದೆ. ಏಳು ನಿಮಿಷ ಐವತ್ತೆರಡು ಸೆಕೆಂಡು. ಗಾಡಿ ಮರೆಯಾದ ಮೇಲೆ ಬಾಟಲಿಯ ನೀರನ್ನು ಕುತ್ತಿಗೆಗೂ ಬೆನ್ನಿಗೂ ಸುರಿದುಕೊಂಡು, ಬೆವರಿನಂತೆ ಕಾಣುವ ಹಾಗೆ ಅಂಗಿ ಒದ್ದೆ ಮಾಡಿಕೊಂಡು ಮನೆಗೆ ಸೈಕಲ್ ತುಳಿದೆ. ಇದನ್ನು ಬರೆದುಕೊಳ್ಳುವ ಅಗತ್ಯವಿಲ್ಲ ಎಂದು ಪೇದೆಯವರು ಹೇಳುತ್ತಾರೆ. ಬರೆದುಕೊಳ್ಳಿ ಎಂದು ನಾನೇ ಕೇಳಿಕೊಂಡಿದ್ದೇನೆ. ಅಳಿಯ ಬಾಗಿಲಲ್ಲೇ ನನ್ನ ಕೈ ಕುಲುಕಿ, ಒಳಗಿದ್ದ ಮಗಳಿಗೆ, ಬಾರೇ ಇಲ್ಲಿ, ನಿಮ್ಮಪ್ಪನ್ನ ನೋಡು, ಹುಡುಗ ಆಗ್ಬಿಟ್ಟಿದಾರೆ ಎಂದು ಕೂಗಿ ಹೇಳಿದ.

ಬ್ರೆಡ್ ಹಾಕುವವನು ದಿನವೂ ಏಳು ಗಂಟೆಗೆ ನಮ್ಮ ಗೇಟಿಗೆ ಪೊಟ್ಟಣ ಸಿಕ್ಕಿಸಿ ಗಂಟೆ ಬಾರಿಸಿ ಹೋಗುತ್ತಾನೆ. ಮಂಗಳವಾರ ಬರಲಿಲ್ಲ. ಬುಧವಾರವೂ ಬರಲಿಲ್ಲ. ಬುಧವಾರ ಸಂಜೆ ಅಳಿಯ ಗುಂಪಿನ ವಾಟ್ಸಾಪ್ ಓದಿ ಹೇಳಿದ: ಬೀದಿ ಗುಡಿಸುವ ಅಮ್ಮನಿಗೆ ಸೈಕಲ್ ಹ್ಯಾಂಡಲ್ ಬಡಿದು ಬಿದ್ದು ಮಣಿಕಟ್ಟು ಮುರಿದಿದೆ, ಬ್ರೆಡ್ಡಿನವನನ್ನು ಜನ ಹಿಡಿದು ಠಾಣೆಗೆ ಕೊಟ್ಟಿದ್ದಾರೆ, ಇಂಥವರಿಂದ ಸೈಕಲ್ ತುಳಿಯುವ ನಮಗೆಲ್ಲ ಕೆಟ್ಟ ಹೆಸರು ಎಂದು ಬ್ಯಾಂಕಿನವರು ಬರೆದಿದ್ದಾರೆ. ಮಗಳು, ಅಯ್ಯೋ, ಅವನು ಇರುವೆ ದಾಟಿದ್ರೂ ಬ್ರೇಕ್ ಹಾಕೋನು ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಎದ್ದು ಹೋಗಿ ಕಾರಿಡಾರಿನಲ್ಲಿದ್ದ ಸೈಕಲ್ ನೋಡಿದೆ. ಹ್ಯಾಂಡಲ್‌ನ ಒಂದು ತುದಿಗೆ ಇರಬೇಕಾದ ಕಪ್ಪು ರಬ್ಬರ್ ಬಿರಡೆ ಇರಲಿಲ್ಲ. ಬಿರಡೆ ಹೋದ ಕಡೆ ಕಿತ್ತಳೆ ಬಣ್ಣದ ನೂಲು ಸಿಕ್ಕಿಕೊಂಡಿತ್ತು. ಬೀದಿ ಗುಡಿಸುವವರ ಮೇಲಂಗಿ ಆ ಬಣ್ಣದ್ದು.

ಗುರುವಾರ ಅಭ್ಯಾಸಕ್ಕೆ ಹೋಗಲಿಲ್ಲ. ಜ್ವರ ಎಂದೆ.

ನಿನ್ನೆ ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಆಕೆ ಕಿಟಕಿಯ ಪಕ್ಕದ ಮಂಚದಲ್ಲಿ, ಕೈಗೆ ಮೊಣಕೈವರೆಗೆ ಪಟ್ಟಿ. ಬಲಗೈ. ಪೊರಕೆ ಹಿಡಿಯುವ ಕೈ. ಯಾರಪ್ಪಾ ನೀವು ಎಂದಳು. ಸೈಕಲ್ ಗುಂಪಿನವನು ಎಂದೆ. ಆಕೆ, ನೋಡಿ, ಬ್ರೆಡ್ಡಿನೋನು ಕೆಟ್ಟೋನಲ್ಲ, ನನ್ನ ಎತ್ತಿ ಕೂರ್ಸಿ ನೀರು ಕೊಟ್ಟ, ಆದ್ರೆ ನಾನು ಕಣ್ಣು ಬಿಟ್ಟಾಗ ಅಲ್ಲಿದ್ದ ಸೈಕಲ್ಲು ಅದೊಂದೇ, ಜನ ಎಲ್ಲಾ ಇವನೇ ಇವನೇ ಅಂದ್ರು, ನಾನೂ ಹೂಂ ಅಂದ್ಬಿಟ್ಟೆ ಎಂದಳು. ಆಮೇಲೆ, ನಿಮ್ಮಂಥೋರು ಕೇಳ್ಕೊಂಡು ಬಂದ್ರಲ್ಲ, ಯಾರ್ ಬರ್ತಾರೆ ಈ ಕಾಲ್ದಲ್ಲಿ ಎಂದು ತಲೆದಿಂಬಿನ ಕೆಳಗಿನಿಂದ ಒಂದು ಕಿತ್ತಳೆ ಹಣ್ಣು ತೆಗೆದು ಎಡಗೈಯಲ್ಲಿ ಕೊಟ್ಟಳು. ನಾನು ಅದನ್ನು ತೆಗೆದುಕೊಂಡು ಹೊರಗೆ ಬಂದೆ. ಹೇಳಲಿಲ್ಲ. ಹಣ್ಣು ಈಗಲೂ ನನ್ನ ಕೋಣೆಯ ಕಿಟಕಿಯಲ್ಲಿದೆ.

ನಿನ್ನೆ ಸಂಜೆ ಮಗಳು ಅಳಿಯ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಮಗಳು ಅತ್ತಳು. ಅಳಿಯ, ಮಾವ, ಆ ಹೊತ್ತಲ್ಲಿ ಸೈಕಲ್ಲು ನಿಮ್ಮ ಕೈಯಲ್ಲೇ ಇರ್ಲಿಲ್ಲ, ಒಬ್ರು ವಕೀಲರನ್ನ ಕೇಳೋಣ, ಆತುರ ಬೇಡ ಎಂದ. ಬ್ರೆಡ್ಡಿನವನಿಗೆ ಹೊತ್ತಿಲ್ಲ ಎಂದೆ. ಆಸ್ಪತ್ರೆಯಿಂದ ಬರುವಾಗ ಬೇಕರಿಯಲ್ಲಿ ಕೇಳಿದ್ದೆ: ಭಾನುವಾರದೊಳಗೆ ಠಾಣೆಯಿಂದ ಅವನ ಸೈಕಲ್ ಬಿಡುಗಡೆಯಾಗದಿದ್ದರೆ ಬೇಕರಿಯವರು ಆ ಬೀದಿಗಳನ್ನು ಬೇರೆಯವರಿಗೆ ಕೊಡುತ್ತಾರಂತೆ. ಅಳಿಯ ಎದ್ದು ಬಾಗಿಲವರೆಗೆ ಹೋಗಿ ನಿಂತು, ಹಾಗಾದ್ರೆ ಮೊದಲನೇ ಸಲದ್ದೂ ಎಂದು ಕೇಳಿದ. ಹೌದು ಎಂದೆ. ಅವನು ಫೋನು ತೆಗೆದು ಏನೋ ಒತ್ತಿ ಮತ್ತೆ ಜೇಬಿಗೆ ಹಾಕಿಕೊಂಡ. ಏನು ಮಾಡಿದನೆಂದು ನಾನು ಕೇಳಲಿಲ್ಲ.

ನನ್ನ ಹೆಂಡತಿ ಇದ್ದಿದ್ದರೆ ಒಂದೇ ಮಾತು ಹೇಳುತ್ತಿದ್ದಳು. ಊರಿಗೆಲ್ಲ ನಿಮ್ಮದು ಅಳತೆ, ಮನೆಗೆ ಬಂದರೆ ಕಣ್ಣಳತೆ ಎಂದು ಅವಳು ಸಕ್ಕರೆ ಡಬ್ಬಿ ಬಚ್ಚಿಡುವಾಗ ಅನ್ನುತ್ತಿದ್ದಳು.

ಈ ದಿನ ಬೆಳಿಗ್ಗೆ ಸೈಕಲ್ಲನ್ನು ತುಳಿಯದೆ ತಳ್ಳಿಕೊಂಡು ಮನೆಯಿಂದ ಇಲ್ಲಿಗೆ ಬಂದೆ. ಠಾಣೆಯ ಹೊರಗಿನ ಬೆಂಚಿನ ಮೇಲೆ ಬ್ರೆಡ್ಡಿನವನು ಕೂತಿದ್ದ. ಮೂರು ದಿನದಿಂದ ದಿನವೂ ಬಂದು ಕೂರಲು ಹೇಳಿದ್ದಾರಂತೆ. ನನ್ನನ್ನು ನೋಡಿ ಎದ್ದು ನಿಂತು, ಸಾರ್, ಬ್ರೆಡ್ ಹಾಕೋಕಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ, ಅಕ್ಕಂಗೂ ಹೇಳಿ, ಸೈಕಲ್ ಸಿಕ್ಕಿದ ಕೂಡ್ಲೇ ಬರ್ತೀನಿ ಎಂದ. ಆಮೇಲೆ ನನ್ನ ಕೈಲಿದ್ದ ಸೈಕಲ್ ನೋಡಿ, ನನ್ ಪರವಾಗಿ ಮಾತಾಡೋಕೆ ಬಂದ್ರಾ ಸಾರ್ ಎಂದು ಕೇಳಿದ. ಹೂಂ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲು ಆಗಲಿಲ್ಲ.

ಆದ ಕಾರಣ ಅವನನ್ನೂ ಅಂಗಳದಲ್ಲಿ ನಿಲ್ಲಿಸಿರುವ ಅವನ ಸೈಕಲ್ಲನ್ನೂ ಈ ದಿನವೇ ಬಿಟ್ಟು ಕಳುಹಿಸಬೇಕು. ಬ್ರೆಡ್ಡಿನ ಡಬ್ಬಿಗಳಲ್ಲಿ ಮಂಗಳವಾರದ ಬ್ರೆಡ್ ಹಾಗೇ ಇದೆ, ವಾಸನೆ ಬರುತ್ತಿದೆ. ನನ್ನ ಸೈಕಲ್ಲನ್ನು, ನೂಲು ಇದ್ದ ಹಾಗೇ, ಒಪ್ಪಿಸಿದ್ದೇನೆ. ಆಸ್ಪತ್ರೆಯಲ್ಲಿರುವ ಆಕೆಗೆ ಇದನ್ನು ನಾನೇ ಹೋಗಿ ಹೇಳುತ್ತೇನೆ, ಜೊತೆಗೆ ಒಬ್ಬರನ್ನು ಕಳುಹಿಸಿ, ಇಲ್ಲದಿದ್ದರೆ ಮತ್ತೆ ಹಣ್ಣು ತೆಗೆದುಕೊಂಡು ಬಂದುಬಿಡುತ್ತೇನೆ. ಕಾನೂನಿನಲ್ಲಿ ನನಗೆ ಏನು ಬರುತ್ತದೋ ಅದಕ್ಕೆ ತಯಾರಿದ್ದೇನೆ. ಫೋನನ್ನೂ ಕೊಟ್ಟಿದ್ದೇನೆ. ಕೊಡುವ ಮೊದಲು ಆ್ಯಪಿನಲ್ಲಿ ಮಂಗಳವಾರದ ದಾಖಲೆಯನ್ನು ಅಳಿಸಲು ಹೋದೆ. ಪೇದೆಯವರು, ಮುಟ್ಬೇಡಿ ಯಜಮಾನ್ರೇ, ಅದು ಸಾಕ್ಷಿ ಎಂದು ತಡೆದರು. ಹೀಗಾಗಿ ಇದನ್ನು ಬರೆಸುತ್ತಿರುವ ಈ ಹೊತ್ತಿನಲ್ಲೂ ಆ ದಾರಿಯಲ್ಲಿ ನಾನೇ ಮೊದಲಿಗ.

ಬರೆದದ್ದನ್ನು ಪೇದೆಯವರು ನನಗೆ ಓದಿ ಹೇಳಿದರು, ಕೇಳಿದೆ. ಒಂದು ಕಡೆ, ಗುಂಡಿ ಇರಬಹುದೆಂದು ಭಾವಿಸಿ ಮುಂದೆ ಹೋದೆ ಎಂದು ಅವರು ನನ್ನ ಮೇಲಿನ ದಯೆಯಿಂದ ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, ಗುಂಡಿ ಎಂದು ಹೇಳಿದೆ ಎಂದು ತಿದ್ದಿಸಿದ್ದೇನೆ. ತಿದ್ದಿದ ಜಾಗದಲ್ಲೂ ರುಜು ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆಯ ಬರಹದ ಕೋಣೆ
ದಿನ: ಶನಿವಾರ, ಬೆಳಿಗ್ಗೆ 10.50

(ಸಹಿ)
ಹೇಳಿಕೆ ಕೊಟ್ಟವನು