ಬೇರೆ ಬಳಿಯ ಮಾಮಿ

ಎಂಬತ್ತೊಂದನೇ ಇಸವಿಯ ಒಂದು ಭಾನುವಾರ. ವಾಮಂಜೂರಿನ ಬಸ್ಸಿನಲ್ಲಿ ಶಶಿಪ್ರಭಾಳ ಮುಂದಿನ ಸೀಟಿನಲ್ಲಿ ಒಬ್ಬ ಯುವಕನೂ ಅವನ ಸೋದರಮಾವನ ಹೆಂಡತಿಯೂ ಕುಳಿತಿದ್ದರು. ಯುವಕನ ತೊಡೆಯ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆಯ ಸುರುಳಿಯಿತ್ತು. ಬೇರೆಯವರ ಮಾತು ಕೇಳಬಾರದೆಂದು ಶಶಿಪ್ರಭಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಿವಿ ಮಾತ್ರ ತಿರುಗಲಿಲ್ಲ.

“ವಂಶವೃಕ್ಷಕ್ಕೆ ಏಳು ತಲೆಮಾರು ಸಿಕ್ಕಿತು ಮಾಮಿ. ಕುಟುಂಬದ ಮನೆಯಲ್ಲಿ ಇವತ್ತು ಎಲ್ಲರಿಗೂ ತೋರಿಸ್ತೇನೆ.”

“ನಿನ್ನ ಮಾವನ ಹೆಸರು ಉಂಟಾ?”

“ಉಂಟು. ಪಕ್ಕದಲ್ಲಿ ನಿಮ್ಮದೂ ಉಂಟು.”

“ನನ್ನದು ಎಂತಕ್ಕೆ ಮಾರಾಯ? ನಮ್ಮಲ್ಲಿ ತಾಯಿ ಕಡೆಯ ಲೆಕ್ಕ. ನಾನು ಬೇರೆ ಬಳಿಯವಳು, ನನ್ನ ತಾಯಿಯ ವಂಶವೇ ಬೇರೆ. ಹಿರಿಯರು ಬೈತಾರೆ, ಅಳಿಸು.”

“ನಿಮ್ಮ ತಾಯಿಮನೆಯಲ್ಲಿ ನಿಮ್ಮ ಹೆಸರು ಬರೆಯುವವರು ಯಾರಿದ್ದಾರೆ?”

“ಯಾರೂ ಇಲ್ಲ. ನನ್ನೊಟ್ಟಿಗೆ ಮುಗಿಯಿತು.”

“ಅಮ್ಮ ತೀರಿಕೊಂಡ ಮೇಲೆ ನನಗೆ ಅನ್ನ ಕಲಸಿ ಕೊಟ್ಟದ್ದು ಯಾವ ಬಳಿ ಮಾಮಿ?”

ಮಾಮಿ ಸುರುಳಿಯ ಅಂಚನ್ನು ಬೆರಳಿನಿಂದ ಸವರಿದರು.

“ಪೆನ್ಸಿಲಿನಲ್ಲಿ ಬರೆದದ್ದಾ?”

“ಇಂಕಿನಲ್ಲಿ.”

“ನಿನಗೆ ಮಂಡೆ ಸರಿ ಇಲ್ಲ ಜಯಪಾಲ.”

“ಹೌದು ಮಾಮಿ.”

“ಅದನ್ನು ಇಲ್ಲಿ ಕೊಡು. ಯಾರಾದರೂ ಕೇಳಿದರೆ ನೀನು ಬಾಯಿ ತೆರೆಯಬೇಡ. ನಾನೇ ಹೇಳ್ತೇನೆ.”

ಬಸ್ಸು ನಿಂತಿತು. ಸುರುಳಿಯನ್ನು ಎದೆಗವಚಿಕೊಂಡು ಮಾಮಿಯೇ ಮೊದಲು ಇಳಿದರು.