ನಡುವಿನ ಜನ ಬೇಕಾದ ದೊರೆ

ಕೂತ್ಕೊಳ್ರಪ್ಪ. ಎಲೆಅಡಿಕೆ ಹಾಕ್ಕೊಳ್ಳೋರು ಈಗಲೇ ಹಾಕ್ಕೊಳ್ಳಿ, ಮಧ್ಯ ಎದ್ದು ಹೋದೋರಿಗೆ ನಾನು ಮತ್ತೆ ಹೇಳೋಳಲ್ಲ. ಯಾವುದೋ ಒಂದು ಸೀಮೆ, ಅಲ್ಲೊಬ್ಬ ದೊರೆ. ಆ ಸೀಮೇಲಿ ಇದ್ದಿದ್ದು ಎರಡೇ ಥರದ ಜನ. ಅರಮನೆಯೋರು, ನೆಲದೋರು.

ಒಂದಿನ ಪಕ್ಕದ ಸೀಮೆ ದೊರೆ ಊಟಕ್ಕೆ ಬಂದ. ಉಂಡು ಕೈ ತೊಳೀತಾ ಕೇಳಿದ, "ನಿಮ್ಮಲ್ಲಿ ನಡುವಿನ ಜನ ಎಷ್ಟಿದ್ದಾರೆ? ನಮ್ಮಲ್ಲಿ ಊರ ತುಂಬ ಇದ್ದಾರೆ." ನಮ್ಮ ದೊರೆ ಮುಖ ಸಣ್ಣಗಾಯ್ತು. ಮಂತ್ರೀನ ಕರೆದ. "ನನಗೂ ನಡುವಿನ ಜನ ಬೇಕು ಕಣಯ್ಯ. ಮಾಡು."

ಮಂತ್ರಿ ಏನು ಮಾಡಿದ? ನೆಲದೋರನ್ನ ಮೇಲೆತ್ತೋಕೆ ಅಂತ ಒಂದು ವರ್ಷ ಮನೆಗೊಂದು ಕುರ್ಚಿ ಹಂಚಿದ. ಮಾರನೇ ವರ್ಷ ಮಂಚ. ಅದರ ಮಾರನೇ ವರ್ಷ ಶಾಲು. ಬೆಳಿಗ್ಗೆ ಡಂಗುರ ಹೊಡೆದು ಕೊಡೋರು, ಸಾಯಂಕಾಲ ಸದ್ದಿಲ್ಲದೆ ಕಿತ್ಕೊಂಡು ಹೋಗೋರು. ಯಾಕೆ ಗೊತ್ತಾ? ನೆಲದೋರ ಮನೇಲಿ ಎರಡನೇದು ಏನೇ ಇದ್ರೂ ಅದು ಅರಮನೇದು ಅಂತ ಹಳೇ ಪದ್ಧತಿ. ಮಣೆ ಇದ್ದೋರಿಗೆ ಕುರ್ಚಿ ಎರಡನೇದು. ಚಾಪೆ ಇದ್ದೋರಿಗೆ ಮಂಚ ಎರಡನೇದು. ಕಂಬಳಿ ಇದ್ದೋರಿಗೆ ಶಾಲು ಎರಡನೇದು. ಕೊಡಿಸಿದೋನೂ ದೊರೆನೇ, ಕಿತ್ಕೊಂಡೋನೂ ದೊರೆನೇ. ಆ ಮಹಾನುಭಾವನಿಗೆ ಇದು ಹೊಳೀಲೇ ಇಲ್ಲ ನೋಡಿ.

ಅದೇ ಊರಲ್ಲಿ ಹೊನ್ನೀರಮ್ಮ ಅಂತ ಒಬ್ಬಳು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು, ಒಂದು ಎಮ್ಮೆ. ದೊರೆ ಊಟಕ್ಕೆ ದಿನಾ ಮೊಸರು ಹಾಕೋಳು ಅವಳೇ. ಎಮ್ಮೆ ಹೆಣ್ಣುಗರು ಹಾಕ್ತು. ಇದೊಂದು ಉಳಿದ್ರೆ ಮಕ್ಕಳು ಎರಡು ಹೊತ್ತು ಉಣ್ತಾವಲ್ಲ ಅಂತ ಅವಳ ಆಸೆ. ಹಿಂದಿನ ಕರುಗಳನ್ನೆಲ್ಲ ಹಾಲು ಬಿಡೋವರೆಗೂ ಇವಳೇ ಸಾಕಿ, ಆಮೇಲೆ ಅರಮನೆಗೆ ಕೊಟ್ಟು ಅತ್ತಿದ್ದಳು. ಈ ಸಲ ಅವಳು ಅಳಲಿಲ್ಲ. ಹುಟ್ಟಿದ ದಿನವೇ ಕರು ಎತ್ಕೊಂಡು ಹೋಗಿ ಅರಮನೆ ಅಂಗಳಕ್ಕೆ ಬಿಟ್ಟಳು.

"ಎರಡನೇದು ಅಂದ್ರೆ ಎರಡನೇದು. ನಿಮ್ಮ ಸೊತ್ತು ನಾನ್ಯಾಕೆ ಸಾಕ್ಲಿ?"

ಕರು ಇಲ್ಲದೆ ಎಮ್ಮೆ ಹಾಲು ಇಳಿಸುತ್ತಾ? ಒದ್ದು ನಿಲ್ತು. ದೊರೆಗೆ ಒಂದು ದಿನ ಮೊಸರಿಲ್ಲ. ಎರಡು ದಿನ ಇಲ್ಲ. ಮೂರನೇ ದಿನ ಅವನೇ ಅವಳ ಬಾಗಿಲಿಗೆ ಬಂದ.

"ಕರು ವಾಪಸ್ ತಗೋ ತಾಯಿ."

"ತಗೊಂಡ್ರೆ ಎರಡನೇದಾಗುತ್ತೆ ಬುದ್ಧಿ, ಮತ್ತೆ ಒಯ್ತೀರಿ. ಪದ್ಧತಿ ತೆಗೀರಿ, ಆಮೇಲೆ ಮೊಸರು."

ಪ್ರಜೆಗಳ ಮೇಲಿನ ಪ್ರೀತಿಗೆ ಅಂದ್ಕೊಂಡ್ರಾ? ಮೊಸರನ್ನಕ್ಕೆ ಪದ್ಧತಿ ತೆಗೆದ.

ಕರು ಬೆಳೀತು, ಈಯ್ತು. ಮಕ್ಕಳು ಹೊಟ್ಟೆ ತುಂಬ ಉಂಡರು. ಹೊನ್ನೀರಮ್ಮ ಬೆಣ್ಣೆ ಮಾರಿ ತನ್ನದೇ ಕುರ್ಚಿ ತಂದು ಜಗಲಿ ಮೇಲೆ ಹಾಕಿದಳು. ಬೀದೀಲಿ ಇನ್ನಷ್ಟು ಕುರ್ಚಿ ಬಂದವು.

ಒಂದು ಬೆಳಿಗ್ಗೆ ದೊರೆ, ಮಂತ್ರಿ ಆ ಬೀದೀಲಿ ಬಂದರು. ಅವಳು ಕೂತಲ್ಲಿಂದಲೇ ಕೇಳಿದಳು, "ಏನ್ ಬುದ್ಧಿ, ಈ ರಸ್ತೆ ಯಾವಾಗ ಮಾಡಿಸ್ತೀರಿ? ಚರಂಡಿ ನಾರೋದು ಅರಮನೆಗೆ ಬರಲ್ವಾ?"

ದೊರೆ ಮಂತ್ರಿ ಕಡೆ ತಿರುಗಿದ. "ಯಾರಯ್ಯ ಇವರೆಲ್ಲ, ಎದ್ದೂ ನಿಲ್ಲಲ್ಲ?"

"ನೀವು ಕೇಳಿದ ನಡುವಿನ ಜನ ಇವರೇ ಬುದ್ಧಿ."

"ಬೇಡ ಅಂದ್ರೆ ಈಗ ಆಗಲ್ವಾ?"

"ಆಗಲ್ಲ. ಮೊಸರು ಅವರ ಕೈಲಿದೆ."

ಆ ದೊರೆ ಅಲ್ಲಿ ರಸ್ತೆಗೆ ಕಲ್ಲು ಹೊರಿಸ್ತಾ ಇದ್ದಾನೆ, ನಾನಿಲ್ಲಿ ಕಥೆ ಇಳಿಸಿದೆ. ಯಾರಾದ್ರೂ ಒಂದು ಲೋಟ ಮಜ್ಜಿಗೆ ತನ್ನಿ.