ಎಂಟನೆಯ ನಟ್ಟು

ಎರಡನೇ ಪಾಳಿ ಮುಗಿಸಿ ಬರುವವರಿಗೆ ಬಾವಿಯ ಪಕ್ಕದ ದಾರಿಯೇ ಹತ್ತಿರ. ನಮ್ಮ ಪಕ್ಕದ ಮನೆಯ ಮೇಸ್ತ್ರಿ ಆ ರಾತ್ರಿಯೂ ಅದೇ ದಾರಿಯಲ್ಲಿ ಬರುತ್ತಿದ್ದರು. ಹಿಂದೆ ಕಾರ್ಖಾನೆಗೆ ಆ ಬಾವಿಯಿಂದಲೇ ನೀರು ಹೋಗುತ್ತಿತ್ತು. ಈಗ ಪಂಪಿಲ್ಲ. ತೊಡೆಗಾತ್ರದ ಕೊಳವೆಯೊಂದು ಬಾವಿಯಿಂದ ಮೇಲೆದ್ದು ಗಿಡಗಳ ನಡುವೆ ಮಲಗಿದೆ, ಅಷ್ಟೇ.

ಅಲ್ಲಿಂದ ಸದ್ದು ಬಂತು.

ಟಿಣ್... ಟಿಣ್...

ಬಿಗಿಯಾದ ನಟ್ಟಿಗೆ ಸಣ್ಣ ಸುತ್ತಿಗೆಯಿಂದ ತಟ್ಟುವ ಸದ್ದು. ಬೇರೆಯವರಾಗಿದ್ದರೆ ಓಡುತ್ತಿದ್ದರು. ಮೇಸ್ತ್ರಿ ನಿಂತು ಎಣಿಸಿದರು. ಏಳು ಸಲ. ಆಮೇಲೆ... ಏನೂ ಇಲ್ಲ. ಯಾರೋ ಸುತ್ತಿಗೆ ಎತ್ತಿ ಹಿಡಿದು ಕಾಯುತ್ತಿರುವ ಹಾಗೆ.

ಅದು ಯಾರ ಕೈ ಎಂದು ಅವರಿಗೆ ಗೊತ್ತಾಯಿತು. ನನ್ನ ತಮ್ಮನ ಕೈ. ತಮ್ಮ ತೀರಿಕೊಂಡು ಆಗ ಒಂದು ಮಳೆಗಾಲ ಕಳೆದಿತ್ತು.

ಅವರಿಬ್ಬರೂ ಹಬೆಯ ಕೊಳವೆಗಳ ಕೆಲಸದವರು. ಒಂದು ಕೊಳವೆಗೆ ಇನ್ನೊಂದು ಸೇರುವ ಕಡೆ ಎರಡಕ್ಕೂ ಅಗಲವಾದ ಅಂಚಿರುತ್ತದೆ. ಅದಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ. ನಡುವೆ ಬಳೆಯಂಥ ಗ್ಯಾಸ್ಕೆಟ್ ಇಟ್ಟು ಸುತ್ತ ಬೋಲ್ಟು ಹಾಕಿ ಬಿಗಿಯಬೇಕು. ಸಾಲಾಗಿ ಬಿಗಿಯುವಂತಿಲ್ಲ, ಗ್ಯಾಸ್ಕೆಟ್ ಒಂದೇ ಕಡೆ ನುಜ್ಜಾಗುತ್ತದೆ. ಒಂದಾದ ಮೇಲೆ ಅದರ ಎದುರಿನದು. ಕೊನೆಗೆ ತಮ್ಮ ಒಂದೊಂದಕ್ಕೂ ತಟ್ಟುವನು, ಮೇಸ್ತ್ರಿ ಕಣ್ಣು ಮುಚ್ಚಿ ಕೇಳುವರು. ಬಿಗಿಯಿದ್ದರೆ ಟಿಣ್. ಸಡಿಲವಿದ್ದರೆ ಟಪ್. ಅವರು "ಹೂಂ" ಎಂದ ಮೇಲೆಯೇ ತಮ್ಮ ಆ ನಟ್ಟಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೀಟು ಎಳೆಯುವನು. ಸೀಮೆಸುಣ್ಣ ನಾನು ಪಾಠ ಮಾಡುವ ಶಾಲೆಯದು. ಹೇಳದೆ ಕೇಳದೆ ನನ್ನ ಚೀಲದಿಂದ ಎತ್ತಿಕೊಂಡು ಹೋಗುತ್ತಿದ್ದ. ಎಡಗೈಯವನು. ಅವನ ಗೀಟಿನ ತುದಿ ಸದಾ ಕೊಕ್ಕೆಯ ಹಾಗೆ ಮೇಲಕ್ಕೆ ಬಾಗಿರುತ್ತಿತ್ತು.

ನಟ್ಟು ಪಿಸುಗುಟ್ಟಿದರೂ ಮೇಸ್ತ್ರಿಯಣ್ಣನಿಗೆ ಕೇಳಿಸುತ್ತೆ, ಮನೇಲಿ ಅತ್ತಿಗೆ ಕೂಗಿದರೆ ಮಾತ್ರ ಕಿವುಡು ಎಂದು ಅವರ ಎದುರಿಗೇ ಆಡಿಕೊಳ್ಳುತ್ತಿದ್ದ.

ಒಂದು ಸಂಜೆ ಇಬ್ಬರೂ ಎಂಟು ಬೋಲ್ಟು ಹಾಕಿ ಜೋಡಿಸಿದ ಕೊಳವೆಗೆ ರಾತ್ರಿ ಹಬೆ ಬಿಟ್ಟರು. ನೋಡಿಕೊಳ್ಳಲು ತಮ್ಮ ಉಳಿದಿದ್ದ. ಒತ್ತಡ ಏರುತ್ತಿದ್ದಾಗ ಗ್ಯಾಸ್ಕೆಟ್ ಕಿತ್ತುಕೊಂಡು ಬಂತು. ಅವನು ಎದುರಿಗೇ ನಿಂತಿದ್ದ.

ತನಿಖೆಗೆ ಬಂದವರು ಗ್ಯಾಸ್ಕೆಟ್ಟೇ ಸರಿಯಿರಲಿಲ್ಲ ಎಂದರು. ಮೇಸ್ತ್ರಿ ಬಾಯಿ ಬಿಡಲಿಲ್ಲ. ಅಂದಿನಿಂದ ನನ್ನ ಮುಖ ನೋಡಿ ಮಾತಾಡುವುದನ್ನೂ ಬಿಟ್ಟರು.

ಬಾವಿಯ ಹತ್ತಿರ ಆ ಸದ್ದು ದಿನಾ ಬರತೊಡಗಿತು. ದಿನಾ ಏಳು. ದಿನಾ ಅದೇ ಕಾಯುವಿಕೆ. ಕೊನೆಗೊಂದು ರಾತ್ರಿ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಕತ್ತಲಿಗೇ ಹೇಳಿದರು:

"ಕೊನೇದು ನಂಗೆ ಕೇಳಿಸ್ಲಿಲ್ಲ ಕಣೋ... ಪಾಳಿ ಬಿಡೋ ಸೈರನ್ ಕೂಗ್ತಿತ್ತು. ಮನೆಗೆ ಹೋಗೋ ಆತುರ. ಸುಮ್ನೆ ಹೂಂ ಅಂದ್ಬಿಟ್ಟೆ."

ಸ್ವಲ್ಪ ಹೊತ್ತು ಎಲೆಯೂ ಅಲುಗಲಿಲ್ಲ. ಆಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲೇ...

ಟಪ್.

ಅವರು ನೇರ ಬಂದು ನಮ್ಮ ಬಾಗಿಲು ತಟ್ಟಿದರು. ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದರು. ನಾನು ಬೈಯಲಿಲ್ಲ. ಟಾರ್ಚು ತೆಗೆದುಕೊಂಡು ಅವರ ಹಿಂದೆ ನಡೆದೆ.

ಬಾವಿಯ ಕೊಳವೆಯ ಜೋಡಣೆ ತುಕ್ಕು ಹಿಡಿದಿತ್ತು. ಎಂಟು ನಟ್ಟು. ಏಳರ ಮೇಲೆ ನೀಲಿ ಗೀಟು. ತುದಿಗಳೆಲ್ಲ ಮೇಲಕ್ಕೆ ಬಾಗಿದ್ದವು. ಎಂಟನೆಯದರ ಮೇಲೆ ಏನೂ ಇರಲಿಲ್ಲ. ಬೆರಳಿಟ್ಟರೆ ತಿರುಗುತ್ತಿತ್ತು.

ಮೇಸ್ತ್ರಿ ಚೀಲದಿಂದ ಸ್ಪ್ಯಾನರ್ ತೆಗೆದರು. ತುಕ್ಕಿನ ಮೇಲೆ ಅದು ಎರಡು ಸಲ ಜಾರಿತು. ಬಿಗಿದ ಮೇಲೆ ಸುತ್ತಿಗೆ ಹಿಡಿದು, "ನೀವು ಕೇಳಿ, ಟೀಚರ್" ಎಂದರು. "ನನ್ನ ಕಿವಿ ಮೇಲೆ ನಂಗೆ ನಂಬಿಕೆಯಿಲ್ಲ."

ನಾನು ತಣ್ಣನೆಯ ಕಬ್ಬಿಣದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದೆ.

ಟಿಣ್.

"ಹೂಂ" ಎಂದೆ.

ಅವತ್ತಿನಿಂದ ಸದ್ದು ನಿಂತಿತು. ಪೂರ್ತಿ ನಿಂತಿತು. ಶಾಲೆಯಿಂದ ಬೇಗ ಬಂದರೂ ನಾನು ಕತ್ತಲಾಗುವವರೆಗೆ ಕಾದು ಆ ದಾರಿಯಲ್ಲಿ ಹೋಗಿ ಬರುತ್ತೇನೆ. ಕಪ್ಪೆಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಒಂದು ದಿನ ಅಲ್ಲೇ ಮೇಸ್ತ್ರಿ ಸಿಕ್ಕರು. ಅವರೂ ಸುಮ್ಮನೆ ನಿಂತಿದ್ದರು.

"ಬಿಗೀಬಾರದಿತ್ತು, ಟೀಚರ್" ಎಂದರು. "ಸಡಿಲ ಬಿಟ್ಟಿದ್ರೆ ದಿನಾ ಬರ್ತಿದ್ದ."

ನನಗೂ ಹಾಗೇ ಅನಿಸಿತ್ತು.

ನೀವು ನಂಬಿ, ಇಲ್ಲವೇ ಬಿಡಿ. ಇಲ್ಲದ್ದನ್ನು ಸೇರಿಸಿ ಹೇಳುವ ಅಭ್ಯಾಸ ನನಗಿಲ್ಲ. ನಟ್ಟು ಬಿಗಿದ ಆ ರಾತ್ರಿ ನಮ್ಮಿಬ್ಬರ ಹತ್ತಿರವೂ ಸೀಮೆಸುಣ್ಣವಿರಲಿಲ್ಲ. ಮರುದಿನ ಬೆಳಗ್ಗೆ ಶಾಲೆಗೆ ಹೋಗುವಾಗ ಬಾವಿಯ ಕಡೆಯಿಂದ ಹೋದೆ. ಎಂಟನೆಯ ನಟ್ಟಿನ ಮೇಲೂ ನೀಲಿ ಗೀಟಿತ್ತು. ತುದಿ ಮೇಲಕ್ಕೆ ಬಾಗಿತ್ತು.